ಹೈದರಾಲಿಯ ಜ್ಞಾಪಕಶಕ್ತಿ

ಕೃಷ್ಣಗಿರಿಯಲ್ಲಿ ಬಸ್ಸಿನಿಂದ ಇಳಿದು ತಲೆಯೆತ್ತಿದರೆ ಬೆಟ್ಟದ ಮೇಲಿನ ಕೋಟೆ ಕಣ್ಣಿಗೆ ಬೀಳುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ಹತ್ತಿಯೂ ಇದ್ದಾರೆ. ಆ ಕೋಟೆ, ರಾಯಕೋಟೆ, ದೆಂಕಣಿಕೋಟೆ, ನಮ್ಮ ಹೊಸೂರಿನ ಕೋಟೆ ಇವೆಲ್ಲವೂ ಸುಮಾರು ಎರಡೂವರೆ ಶತಮಾನಗಳ ಹಿಂದೆ ಒಬ್ಬನೇ ಮನುಷ್ಯನ ಕೈಯಲ್ಲಿದ್ದವು. ಆತನೇ ಮೈಸೂರಿನ ನವಾಬ ಹೈದರಾಲಿ. ಉತ್ತರದಲ್ಲಿ ಕೃಷ್ಣಾನದಿಯ ಕಡೆಯಿಂದ ದಕ್ಷಿಣದಲ್ಲಿ ದಿಂಡಿಗಲ್ಲಿನವರೆಗೆ ಹಬ್ಬಿದ ರಾಜ್ಯವನ್ನು ಆಳಿದ ಈತನು, ಆ ರಾಜ್ಯದ ಕಾಗದಪತ್ರಗಳಲ್ಲಿ ಒಂದು ಸಾಲನ್ನಾದರೂ ತಾನೇ ಓದಲಾರದವನಾಗಿದ್ದನು. ಯಾವ ಭಾಷೆಯ ಅಕ್ಷರವೂ ಆತನಿಗೆ ಬರುತ್ತಿರಲಿಲ್ಲ. ರುಜು ಹಾಕಬೇಕಾದಾಗ ತನ್ನ ಹೆಸರಿನ ಮೊದಲಕ್ಷರವನ್ನು, ಅದನ್ನೂ ತಲೆಕೆಳಗು ಮಾಡಿ, ಗೀಚುತ್ತಿದ್ದನಂತೆ.

ಪ್ರತಿ ವರ್ಷ ಸಂಕ್ರಾಂತಿ ಕಳೆದು ಪರೀಕ್ಷೆಯ ಮಾತು ಬಂದೊಡನೆ ಕೆಲವು ಮಕ್ಕಳು ನಮ್ಮ ಬಳಿಗೆ ಬಂದು, ತಮಗೆ ಜ್ಞಾಪಕಶಕ್ತಿಯೇ ಇಲ್ಲವೆಂದು ಹೇಳಿಕೊಳ್ಳುವುದುಂಟು. ಪೋಷಕರ ಸಭೆಗೆ ಬರುವ ತಂದೆತಾಯಿಗಳಲ್ಲಿ ಕೆಲವರು, ತಾವು ಓದು ಬಾರದವರು, ಆದುದರಿಂದ ಮಗನ ತಲೆಗೂ ಪಾಠ ಹತ್ತುವುದಿಲ್ಲ ಎಂದು ತಾವೇ ತೀರ್ಮಾನಿಸಿಬಿಟ್ಟಿರುತ್ತಾರೆ. ಹೀಗೆ ಹೇಳುವ ತಂದೆಯೇ ಹತ್ತು ಮನೆಗಳಿಗೆ ಹಾಕಿದ ಹಾಲಿನ ಒಂದು ತಿಂಗಳ ಲೆಕ್ಕವನ್ನು ಚೀಟಿಯಿಲ್ಲದೆ ಒಪ್ಪಿಸುತ್ತಾನೆ. ಇಂತಹವರನ್ನು ಕಂಡಾಗಲೆಲ್ಲ ನನಗೆ ಹೈದರಾಲಿಯ ನೆನಪಾಗುತ್ತದೆ. ಜ್ಞಾಪಕವೆಂಬುದು ನಮ್ಮ ತಲೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಆತನ ಬಾಳು ಒಳ್ಳೆಯ ಪಾಠ. ಆದುದರಿಂದ ಈ ಬಾರಿಯ ಸಂಚಿಕೆಗೆ ಆತನ ಚರಿತ್ರೆಯನ್ನೇ ಆರಿಸಿಕೊಂಡಿದ್ದೇನೆ.

ಹೈದರನು ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಇದು ನಮ್ಮ ಗಡಿಗೆ ಬಹಳ ದೂರದ ಊರಲ್ಲ. ತಂದೆ ಫತೇ ಮಹಮ್ಮದನು ಸಿರಾದ ಸುಬೇದಾರನ ಸೇವೆಯಲ್ಲಿದ್ದ ದಳವಾಯಿ. ಹೈದರನು ಇನ್ನೂ ಬಾಲಕನಾಗಿದ್ದಾಗಲೇ ಆತನು ಯುದ್ಧದಲ್ಲಿ ಮಡಿದನು. ಆ ಬಳಿಕ ನಡೆದ ಸಂಗತಿಯನ್ನು ಮೈಸೂರಿನ ಇತಿಹಾಸ ಬರೆದ ಕರ್ನಲ್ ವಿಲ್ಕ್ಸ್ ವಿವರಿಸಿದ್ದಾನೆ. ಸುಬೇದಾರನ ಮಗ ಅಬ್ಬಾಸ್ ಕುಲಿ ಖಾನನು ದೊಡ್ಡಬಳ್ಳಾಪುರದಲ್ಲಿ ಸತ್ತವನ ಸಂಸಾರವನ್ನು ಹಿಡಿದಿಟ್ಟು, ಬಾಕಿ ಹಣಕ್ಕಾಗಿ ಪೀಡಿಸಿದನು. ಹೈದರನನ್ನೂ ಆತನ ಅಣ್ಣ ಶಾಬಾಜನನ್ನೂ ಒಂದು ನಗಾರಿಯೊಳಗೆ ಕೂಡಿಹಾಕಿ, ಮೇಲೆ ಚರ್ಮ ಬಿಗಿದು ಬಾರಿಸಿದರಂತೆ. ಮನೆಯವರು ಇದ್ದುದೆಲ್ಲವನ್ನೂ ಕೊಟ್ಟು ಮಕ್ಕಳನ್ನು ಬಿಡಿಸಿಕೊಂಡರು. ಈ ನಗಾರಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದರ ಮಾತು ಮತ್ತೆ ಬರುತ್ತದೆ.

ಅನಾಥ ಹುಡುಗನಿಗೆ ಮದರಸವೂ ಇಲ್ಲ, ಐಗಳ ಮಠವೂ ಇಲ್ಲ. ಅಣ್ಣನು ಮೈಸೂರಿನ ಸೈನ್ಯವನ್ನು ಸೇರಿದನು. ತಮ್ಮನು ಬಹುಕಾಲ ಬೇಟೆಯಲ್ಲೂ ಅಲೆದಾಟದಲ್ಲೂ ಕಳೆದನು. 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಆತನ ಧೈರ್ಯವನ್ನು ಕಂಡ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನು ಒಂದು ಸಣ್ಣ ದಳವನ್ನು ಆತನ ಕೈಗೆ ಕೊಟ್ಟನು. ಅಲ್ಲಿಂದ ಆರು ವರ್ಷಗಳಲ್ಲಿ, 1755ರಲ್ಲಿ, ದಿಂಡಿಗಲ್ಲಿನ ಫೌಜುದಾರನಾದನು. ಇಷ್ಟರಲ್ಲಿ ಆತನಿಗೆ ಮನೆಮಾತಾದ ಹಿಂದೂಸ್ತಾನಿಯಲ್ಲದೆ ಕನ್ನಡ, ಮರಾಠಿ, ತೆಲುಗು, ತಮಿಳು ಈ ನಾಲ್ಕು ಭಾಷೆಗಳೂ ನಿರರ್ಗಳವಾಗಿ ಬರುತ್ತಿದ್ದವು. ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುವ ನಮ್ಮ ಹೊಸೂರಿನ ಮಕ್ಕಳಿಗೆ ಇದು ಅಷ್ಟು ಆಶ್ಚರ್ಯವೆನಿಸಲಾರದು. ಆಶ್ಚರ್ಯವಿರುವುದು ಲೆಕ್ಕದಲ್ಲಿ. ಕಾಗದ ಹಿಡಿದು ಕುಳಿತ ನಿಪುಣ ಗುಮಾಸ್ತರಿಗಿಂತ ಬೇಗನೆ, ಅವರಷ್ಟೇ ಸರಿಯಾಗಿ, ಉದ್ದವಾದ ಲೆಕ್ಕಗಳನ್ನು ಹೈದರನು ಮನಸ್ಸಿನಲ್ಲೇ ಮುಗಿಸುತ್ತಿದ್ದನೆಂದು ವಿಲ್ಕ್ಸ್ ಹೇಳುತ್ತಾನೆ.

ಲೆಕ್ಕದಲ್ಲಿ ಮೋಸ ಮಾಡುವುದೂ ಆತನಿಗೆ ಗೊತ್ತಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ದಿಂಡಿಗಲ್ಲಿನಲ್ಲಿ ಒಂದು ಕದನವಾದ ಮೇಲೆ ಗಾಯಾಳುಗಳಿಗೆ ಪರಿಹಾರ ಕೊಡಲು ಶ್ರೀರಂಗಪಟ್ಟಣದಿಂದ ಅಧಿಕಾರಿಯೊಬ್ಬನು ಬಂದನು. ನಿಜವಾಗಿ ಗಾಯಗೊಂಡವರು 67 ಮಂದಿ. ಅಧಿಕಾರಿಯ ಮುಂದೆ ಸಾಲಾಗಿ ನಿಂತವರು ಸುಮಾರು 700 ಮಂದಿ. ಎಲ್ಲರ ಕೈಗೋ ಕಾಲಿಗೋ ಹಳದಿ ಬಟ್ಟೆಯ ಪಟ್ಟಿ!

ಈಗ ಸ್ವಲ್ಪ ನಿಂತು, ಮನಸ್ಸಿನಲ್ಲಿ ಲೆಕ್ಕ ಮಾಡುವುದೆಂದರೇನೆಂದು ನೋಡೋಣ. ಯಾರಾದರೂ ನಿಮಗೆ ಒಂದು ಫೋನ್ ನಂಬರನ್ನು ಹೇಳಿದರೆ, ಬರೆದುಕೊಳ್ಳುವ ತನಕ ಅದನ್ನು ಮನಸ್ಸಿನಲ್ಲೇ ಜಪಿಸುತ್ತೀರಿ. ನಡುವೆ ಯಾರೋ ಕೂಗಿದರೆ ನಂಬರು ಹಾರಿಹೋಗುತ್ತದೆ. ಹೀಗೆ ಕೆಲವು ಕ್ಷಣ ಮಾತ್ರ ನಿಲ್ಲುವುದನ್ನು ಅಲ್ಪಕಾಲದ ಸ್ಮರಣೆ ಎನ್ನುತ್ತಾರೆ. 1959ರಲ್ಲಿ ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ಜನರಿಗೆ ಕೇವಲ ಮೂರು ಅಕ್ಷರಗಳನ್ನು ಹೇಳಿ, ಜಪಿಸಲು ಬಿಡುವು ಕೊಡದೆ, ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸುವಂತೆ ಹೇಳಿದರು. ಹದಿನೆಂಟು ಸೆಕೆಂಡು ಕಳೆಯುವಷ್ಟರಲ್ಲಿ ಆ ಮೂರು ಅಕ್ಷರಗಳು ಹೆಚ್ಚು ಕಡಿಮೆ ಅಳಿಸಿಹೋಗಿದ್ದವು. ಇದರ ಜಾಗವೂ ಬಲು ಇಕ್ಕಟ್ಟು. ಸುಮಾರು ಏಳು ಅಂಶಗಳು ಹಿಡಿಸುತ್ತವೆಂದು 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದನು. ನಾಲ್ಕೇ ಎಂಬುದು ಈಚಿನವರ ಎಣಿಕೆ. ರಾಜನಿಗಾಗಲಿ ಹಾಲು ಹಾಕುವವನಿಗಾಗಲಿ ಈ ಜಾಗದಲ್ಲಿ ಬಹಳ ಹೆಚ್ಚು ಕಡಿಮೆ ಇರುವುದಿಲ್ಲ.

ಹಾಗಾದರೆ ಹೈದರನು ದೊಡ್ಡ ಲೆಕ್ಕಗಳನ್ನು ಹೇಗೆ ಹಿಡಿದನು? ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. 176717821799 ಎಂಬ ಹನ್ನೆರಡು ಅಂಕಿಗಳನ್ನು ಒಮ್ಮೆ ಓದಿ ಕಣ್ಣುಮುಚ್ಚಿ ಹೇಳಿ. ಹೆಚ್ಚಿನವರಿಂದ ಆಗುವುದಿಲ್ಲ. ಆದರೆ ಚರಿತ್ರೆಯ ಪಾಠವನ್ನು ಓದಿದ ಹುಡುಗಿಗೆ ಅದರಲ್ಲಿ ಹನ್ನೆರಡು ಅಂಶಗಳಿಲ್ಲ, ಮೂರೇ ಇವೆ. 1767 ಮೊದಲನೆಯ ಮೈಸೂರು ಯುದ್ಧ, 1782 ಹೈದರನ ಮರಣ, 1799 ಶ್ರೀರಂಗಪಟ್ಟಣದ ಪತನ. ಬಿಡಿ ಹೂವುಗಳನ್ನು ಮಾಲೆ ಕಟ್ಟಿದಂತೆ ಬಿಡಿ ಅಂಕಿಗಳು ಗಂಟುಗೂಡಿದವು. ಆ ದಾರ ಬಂದುದು ಎಲ್ಲಿಂದ? ಮೊದಲೇ ಕಲಿತಿದ್ದುದರಿಂದ, ಅಂದರೆ ದೀರ್ಘಕಾಲದ ಸ್ಮರಣೆಯಿಂದ. ಮಗ್ಗಿ ಬಾಯಿಗೆ ಬಂದವನಿಗೆ ಹದಿನೇಳು ಎಂಟಲೆ ಎಂಬುದು ಒಂದು ಲೆಕ್ಕವಲ್ಲ, ಒಂದು ಉತ್ತರ. ಬಾರದವನಿಗೆ ಅದೇ ನಾಲ್ಕೈದು ಹೆಜ್ಜೆಯ ಲೆಕ್ಕ, ಅಷ್ಟರಲ್ಲೇ ಆತನ ಇಕ್ಕಟ್ಟಾದ ಜಾಗ ತುಂಬಿಹೋಗುತ್ತದೆ. ಸಿಪಾಯಿಗಳ ಸಂಬಳ, ಕುದುರೆಗಳ ಹುರುಳಿ, ಲೂಟಿಯ ಪಾಲು ಇವುಗಳ ನಡುವೆಯೇ ಬೆಳೆದ ಹೈದರನಿಗೆ ಇಂತಹ ಸಿದ್ಧ ಉತ್ತರಗಳು ಸಾವಿರಗಟ್ಟಲೆ ಇದ್ದಿರಬೇಕು.

ಆದರೂ ಕಾಗದವನ್ನು ಓದುವವನೊಬ್ಬನು ಬೇಕಲ್ಲ. ಆ ಕೆಲಸಕ್ಕಿದ್ದವನು ಖಂಡೇರಾಯ. ಬಹು ಚತುರನಾದ ಲೆಕ್ಕಿಗ. ಹೈದರನ ಏಳಿಗೆಯ ವರ್ಷಗಳಲ್ಲಿ ಆದಾಯ ವೆಚ್ಚವೆಲ್ಲ ಈತನ ಲೇಖನಿಯಲ್ಲಿ ನಡೆಯುತ್ತಿತ್ತು. 1760ರ ಆಗಸ್ಟಿನಲ್ಲಿ, ಹೈದರನ ಸೇನೆಯ ಬಹುಭಾಗ ದೂರದಲ್ಲಿದ್ದ ಸಮಯ ನೋಡಿ, ಈ ಖಂಡೇರಾಯನೇ ಅರಮನೆಯ ಪಕ್ಷ ಸೇರಿ ಒಡೆಯನ ಮೇಲೆ ತಿರುಗಿಬಿದ್ದನು. ಹೈದರನು ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲೇ ಬಿಟ್ಟು, ರಾತ್ರೋರಾತ್ರಿ ಕಾವೇರಿಯನ್ನು ದಾಟಿ, ಕುದುರೆ ಓಡಿಸಿಕೊಂಡು ಆನೇಕಲ್ಲಿಗೆ ಬಂದು ಸೇರಿದನು. ನಮ್ಮ ಹೊಸೂರಿನಿಂದ ಆನೇಕಲ್ಲು ಎಷ್ಟು ಹತ್ತಿರವೆಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಲ್ಲಿಂದ ಬೆಂಗಳೂರಿಗೆ ಹೋಗಿ, ಸಾಲ ಮಾಡಿ, ಸೈನ್ಯ ಕೂಡಿಸಿ, ಮರುವರ್ಷ ಗೆದ್ದು, ಮೈಸೂರಿನ ಯಜಮಾನನೇ ಆದನು. ಖಂಡೇರಾಯನನ್ನು ಗಿಣಿಯಂತೆ ಸಾಕುವೆನೆಂದು ಅರಮನೆಯವರಿಗೆ ಮಾತು ಕೊಟ್ಟು, ಹಾಗೆಯೇ ಕಬ್ಬಿಣದ ಪಂಜರದಲ್ಲಿಟ್ಟು, ಹಾಲು ಅನ್ನ ಹಾಕಿಸಿದನೆಂಬ ಕಥೆ ಪ್ರಸಿದ್ಧವಾಗಿದೆ.

ಓದು ಬಾರದ ಯಜಮಾನನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ. ಹೈದರನು ಆಮೇಲೆ ಅನುಸರಿಸಿದ ಒಂದು ಪದ್ಧತಿ ಇದರಿಂದಲೇ ಹುಟ್ಟಿತೆಂದು ನನ್ನ ಊಹೆ. ಆ ಪದ್ಧತಿಯನ್ನು ಕಣ್ಣಾರೆ ಕಂಡು ಬರೆದವನು ತಂಜಾವೂರಿನ ಕಡೆಯಲ್ಲಿದ್ದ ಪಾದ್ರಿ ಶ್ವಾರ್ಟ್ಸ್. 1779ರಲ್ಲಿ ಮದರಾಸಿನ ಗವರ್ನರನ ಪರವಾಗಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಈತನು ಹೈದರನ ದರ್ಬಾರಿನಲ್ಲಿ ಹತ್ತಿರವೇ ಕುಳಿತು ನೋಡಿದನು. ಹೈದರನು ಒಂದು ಕಾಗದದ ಒಕ್ಕಣೆಯನ್ನು ಬಾಯಲ್ಲಿ ಹೇಳುವನು. ಒಬ್ಬನು ಬರೆದು ಓದಿ ಹೇಳುವನು. ಆಮೇಲೆ ಬೇರೊಬ್ಬನನ್ನು ಕರೆಸಿ ಅದೇ ಕಾಗದವನ್ನು ಅವನಿಂದ ಓದಿಸುವನು. ಬರೆದವನು ಹೇಳಿದ್ದಕ್ಕಿಂತ ಕೊಂಚ ವ್ಯತ್ಯಾಸ ಮಾಡಿದ್ದರೂ ತಲೆ ಉಳಿಯುತ್ತಿರಲಿಲ್ಲವಂತೆ. ಹೀಗೆ ಒಂದರ ಹಿಂದೆ ಒಂದು ಕೆಲಸ ಬಹು ವೇಗವಾಗಿ ಸಾಗುತ್ತಿತ್ತು.

ಈ ದೃಶ್ಯದಲ್ಲಿ ಕುತೂಹಲದ ಸಂಗತಿಯೊಂದಿದೆ. ತಾನು ಹೇಳಿದ ಮಾತುಗಳನ್ನು ಹೈದರನು ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದನೆ? ಇರಲಾರದು. ಕೇಳಿದ ವಾಕ್ಯದ ಪದಜೋಡಣೆ ಅರ್ಧ ನಿಮಿಷದೊಳಗೆ ನಮ್ಮ ಮನಸ್ಸಿನಿಂದ ಜಾರುತ್ತದೆ. ನಿಲ್ಲುವುದು ಅದರ ಅರ್ಥ. ಅರ್ಥ ಕೆಟ್ಟರೆ ಮಾತ್ರ ತಟ್ಟನೆ ಎಚ್ಚರವಾಗುತ್ತದೆ. ಯಾವ ಪಾಳೆಯಗಾರನಿಂದ ಎಷ್ಟು ಕಪ್ಪ ಬರಬೇಕು, ಯಾವ ಕಿಲ್ಲೇದಾರನು ಯಾರ ಬಂಧು, ಹಿಂದಿನ ಕಾಗದದಲ್ಲಿ ಏನು ಹೇಳಿತ್ತು ಎಂಬುದೆಲ್ಲ ಮೊದಲೇ ತಲೆಯಲ್ಲಿ ನೆಲೆಯಾದವನಿಗೆ ತಪ್ಪು ಎದ್ದು ಕಾಣುತ್ತದೆ. 1973ರಲ್ಲಿ ಅಮೆರಿಕದಲ್ಲಿ ಚದುರಂಗದ ನಿಪುಣರ ಮೇಲೆ ನಡೆದ ಪ್ರಯೋಗವೊಂದು ಇದನ್ನೇ ತೋರಿಸಿತು. ನಿಜವಾದ ಆಟದ ನಡುವಣ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ನಿಪುಣನು ಬಹುಪಾಲು ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಡಬಲ್ಲನು, ಹೊಸಬನಿಗೆ ನಾಲ್ಕೈದೇ ಸಿಕ್ಕುತ್ತವೆ. ಆದರೆ ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ನಿಪುಣನಿಗೂ ಹೊಸಬನಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ.

ಈ ಸೀಮೆ ಹೈದರನಿಗೆ ಅಂತಹ ಒಂದು ಚದುರಂಗದ ಮಣೆಯಾಗಿತ್ತು. ಕೃಷ್ಣಗಿರಿ ಕಡೆಯ ಬಯಲಿಗೆ ಆಗ ಬಾರಾಮಹಲ್ ಎಂಬ ಹೆಸರು, ಹೊಸೂರಿನ ಕಡೆಯದು ಘಟ್ಟದ ಮೇಲಣ ಬಾಲಾಘಾಟ್. ಬಾರಾಮಹಲು 1760ರಲ್ಲಿ ಹೈದರನ ವಶಕ್ಕೆ ಬಂದಿತ್ತು. 1767ರಲ್ಲಿ ಇಂಗ್ಲಿಷರೊಡನೆ ಯುದ್ಧ ಹತ್ತಿಕೊಂಡಾಗ ಕರ್ನಲ್ ಸ್ಮಿತ್ ಕೃಷ್ಣಗಿರಿಗೆ ಮುತ್ತಿಗೆ ಹಾಕಿ ಕೈಚೆಲ್ಲಿದನು. ಹೈದರನು ಘಟ್ಟ ಇಳಿದು ಬಂದು ಕಾವೇರಿಪಟ್ಟಣವನ್ನು ಮರಳಿ ಹಿಡಿದನು. ಚೆಂಗಮದಲ್ಲೂ ತಿರುವಣ್ಣಾಮಲೆಯಲ್ಲೂ ಸೋತನು. ಮರುವರ್ಷ ಕೃಷ್ಣಗಿರಿ, ದೆಂಕಣಿಕೋಟೆ, ಹೊಸೂರು ಎಲ್ಲವೂ ಇಂಗ್ಲಿಷರ ಪಾಲಾದವು. ಆದರೂ ಇಂಗ್ಲಿಷರಿಗೆ ದಾರಿಗಳು ಅಪರಿಚಿತ, ಹೈದರನಿಗೆ ಅಂಗೈಯ ಗೆರೆ. 1768ರ ನವೆಂಬರಿನಲ್ಲಿ ಆತನು ಹೊಸೂರಿನ ಕೋಟೆಗೆ ಮುತ್ತಿಗೆ ಹಾಕಿದನು. ನೆರವಿಗೆ ಓಡಿಬಂದ ಕರ್ನಲ್ ವುಡ್ ತನ್ನ ಭಾರದ ತೋಪುಗಳನ್ನೂ ಸಾಮಾನುಗಳನ್ನೂ ಬಾಗಲೂರಿನಲ್ಲಿ ಬಿಟ್ಟು ಹೊಸೂರಿಗೆ ನಡೆದನು. ಹೈದರನು ಆತನ ಕಣ್ಣು ತಪ್ಪಿಸಿ ಬಾಗಲೂರಿನ ಮೇಲೆ ಬಿದ್ದು ಎಲ್ಲವನ್ನೂ ಹೊತ್ತೊಯ್ದನು. ಊರಿನವರು ಒಳಕೋಟೆಗೆ ನುಗ್ಗಲು ಹೋಗಿ ಬಾಗಿಲಲ್ಲೇ ಕಾಲ್ತುಳಿತಕ್ಕೆ ಸಿಕ್ಕಿ ಬಹುಮಂದಿ ಸತ್ತರು. ಹೆಂಗಸರೂ ಮಕ್ಕಳೂ ಅವರಲ್ಲಿದ್ದರು. ಹೋದ ತೋಪುಗಳ ಲೆಕ್ಕ ಇಂಗ್ಲಿಷರ ಪುಸ್ತಕದಲ್ಲಿ ಸಿಕ್ಕುತ್ತದೆ. ಸತ್ತವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ಬಾಗಲೂರಿನಿಂದ ಶಾಲೆಗೆ ಬರುವ ಮಕ್ಕಳು ಇದನ್ನು ಅರಿತಿರಲಿ ಎಂದು ಇಷ್ಟು ಬರೆದೆ.

ಮರುವರ್ಷ 1769ರ ಮಾರ್ಚಿಯಲ್ಲಿ ಹೈದರನು ಆರು ಸಾವಿರ ಕುದುರೆಗಳೊಡನೆ ಮೂರೂವರೆ ದಿನಗಳಲ್ಲಿ ಸುಮಾರು 130 ಮೈಲಿ ನಡೆದು ಮದರಾಸಿನ ಬಾಗಿಲಿಗೆ ಬಂದು ನಿಂತನು. ಊರಿಗೆ ಊರೇ ನಡುಗಿತು. ಎಲ್ಲರಿಗಿಂತ ಹೆಚ್ಚು ನಡುಗಿದವನು ಒಬ್ಬ ಮುದುಕ. ದೊಡ್ಡಬಳ್ಳಾಪುರವು ಹೈದರನ ಕೈಗೆ ಹೋದಂದೇ ಓಡಿಬಂದು ಮದರಾಸಿನಲ್ಲಿ ಆಶ್ರಯ ಪಡೆದಿದ್ದ ಅಬ್ಬಾಸ್ ಕುಲಿ ಖಾನ್! ಈತನು ಒಂದು ಹರಕು ಹಡಗನ್ನು ಹತ್ತಿ ಸಮುದ್ರದಲ್ಲೇ ಉಳಿದು, ಹೈದರನು ಘಟ್ಟ ಹತ್ತಿದ ಸುದ್ದಿ ಬರುವ ತನಕ ದಡಕ್ಕೆ ಇಳಿಯಲಿಲ್ಲವಂತೆ. ನಗಾರಿ ಬಾರಿಸಿ ನಲವತ್ತು ವರ್ಷಗಳಾಗಿದ್ದವು. ನಗಾರಿಯೊಳಗಿದ್ದವನೂ ಮರೆತಿರಲಿಲ್ಲ, ಹೊರಗೆ ನಿಂತವನೂ ಮರೆತಿರಲಿಲ್ಲ.

ಒಮ್ಮೆ ಮಾತ್ರ ನಡೆದ ಸಂಗತಿ ಹೀಗೆ ಜೀವಮಾನವೆಲ್ಲ ಉಳಿಯುವುದು ಹೇಗೆ? ಭಯವಾಗಲಿ ಆನಂದವಾಗಲಿ ಉಕ್ಕಿದಾಗ ಮೆದುಳಿನಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗ ಚುರುಕಾಗಿ, ಆ ಘಳಿಗೆಯ ನೆನಪನ್ನು ಆಳವಾಗಿ ಊರಿಸುತ್ತದೆ. ಅದರ ಪಕ್ಕದಲ್ಲೇ, ಎರಡೂ ಕಿವಿಗಳ ನೇರಕ್ಕೆ ಒಳಗಡೆ, ಹಿಪೊಕ್ಯಾಂಪಸ್ ಎಂಬ ಬಾಗಿದ ಭಾಗವಿದೆ. ಹೊಸ ಸಂಗತಿಗಳು ದೀರ್ಘಕಾಲದ ಸ್ಮರಣೆಗೆ ಸೇರಬೇಕಾದರೆ ಇದರ ನೆರವು ಬೇಕು. ಇದನ್ನು ಜಗತ್ತಿಗೆ ತಿಳಿಸಿಕೊಟ್ಟವನು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಸಾಮಾನ್ಯ ಮನುಷ್ಯ. ಮೂರ್ಛೆರೋಗದ ಚಿಕಿತ್ಸೆಗಾಗಿ 1953ರಲ್ಲಿ ವೈದ್ಯರು ಆತನ ಮೆದುಳಿನ ಎರಡೂ ಬದಿಯಿಂದ ಈ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಆಗ ಆತನಿಗೆ 27 ವರ್ಷ. ಅಂದಿನಿಂದ 2008ರಲ್ಲಿ ಸಾಯುವ ತನಕ ಆತನಿಗೆ ಹೊಸ ಮುಖ, ಹೊಸ ಸುದ್ದಿ ಯಾವುದೂ ನಿಲ್ಲಲಿಲ್ಲ. ಎದುರಿಗಿದ್ದವರೊಡನೆ ಸರಿಯಾಗಿ ಮಾತನಾಡುತ್ತಿದ್ದನು, ಅವರು ಹೊರಗೆ ಹೋಗಿ ಬಂದರೆ ಹೊಸಬರಂತೆ ಕಾಣುತ್ತಿದ್ದನು. ಬಾಲ್ಯದ ನೆನಪುಗಳು ಮಾತ್ರ ಇದ್ದವು. ಕೈಯ ಕೆಲಸವನ್ನು ದಿನದಿಂದ ದಿನಕ್ಕೆ ಕಲಿಯುತ್ತಲೂ ಇದ್ದನು, ಕಲಿತೆನೆಂಬುದೇ ಆತನಿಗೆ ಗೊತ್ತಿರುತ್ತಿರಲಿಲ್ಲ. ಈ ಬಡಪಾಯಿಯಿಂದ ವಿಜ್ಞಾನಿಗಳು ಅರಿತದ್ದೇನೆಂದರೆ, ಅಲ್ಪಕಾಲದ ಸ್ಮರಣೆ ಬೇರೆ, ದೀರ್ಘಕಾಲದ್ದು ಬೇರೆ, ಕೈಗೆ ಹತ್ತಿದ ಅಭ್ಯಾಸದ ದಾರಿ ಇವೆರಡಕ್ಕೂ ಹೊರತಾದುದು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೆನಪು ಪೆಟ್ಟಿಗೆಯಲ್ಲಿಟ್ಟ ಕಾಗದದಂತೆ ಇದ್ದಂತೆಯೇ ಇರುವುದಿಲ್ಲ. ಪ್ರತಿ ಸಲ ನೆನೆದಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಸ್ವಲ್ಪ ಬದಲಾಯಿಸುತ್ತದೆ. ವಿಲ್ಕ್ಸನ ಗ್ರಂಥ ಹೊರಬರಲಾರಂಭಿಸಿದ್ದು 1810ರಲ್ಲಿ. ನಗಾರಿಯ ಕಥೆ, ಹಡಗಿನ ಕಥೆ ಇವುಗಳಿಗೆ ಆಧಾರ ಹಳಬರ ಬಾಯಿಮಾತೇ. ವಿಲ್ಕ್ಸ್ ಇಂಗ್ಲಿಷರ ಪಕ್ಷದವನು ಎಂಬುದನ್ನೂ ಮರೆಯಬಾರದು.

ಮದರಾಸಿನಲ್ಲಿ 1769ರ ಏಪ್ರಿಲಿನಲ್ಲಿ ಆದ ಒಪ್ಪಂದದಂತೆ ಎರಡು ಕಡೆಯವರೂ ಗೆದ್ದ ಸ್ಥಳಗಳನ್ನು ಹಿಂದಿರುಗಿಸಿದರು. ಬೇರೆಯವರು ದಂಡೆತ್ತಿ ಬಂದರೆ ಒಬ್ಬರಿಗೊಬ್ಬರು ನೆರವಾಗಬೇಕೆಂಬ ಷರತ್ತೂ ಅದರಲ್ಲಿತ್ತು. ಎರಡೇ ವರ್ಷಗಳಲ್ಲಿ ಮರಾಠರು ಬಂದರು. 1771ರ ಮಾರ್ಚಿಯಲ್ಲಿ ಚಿನಕುರಳಿಯ ಬಳಿ ಹೈದರನು ಘೋರವಾಗಿ ಸೋತನು. ಇಂಗ್ಲಿಷರು ಕೈಕಟ್ಟಿ ಕುಳಿತರು. ಒಪ್ಪಂದದ ಕಾಗದವನ್ನು ಓದಬಲ್ಲವರು ಅದನ್ನು ಮರೆತರು, ಓದಲಾರದವನು ಮರೆಯಲಿಲ್ಲ. 1780ರ ಜುಲೈಯಲ್ಲಿ ಆತನು ಭಾರಿ ಸೇನೆಯೊಡನೆ ಘಟ್ಟ ಇಳಿದನು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಒಂದು ಪಡೆಯನ್ನೇ ಅಳಿಸಿಹಾಕಿದನು. ಈ ದಂಡಿನ ದಾರಿಯಲ್ಲಿದ್ದ ಆರ್ಕಾಟು ಸೀಮೆಯ ಹಳ್ಳಿಗಳು ಸುಟ್ಟು ಹಾಳಾದವು. ಒಂದು ದೊರೆಯ ನೆನಪಿಗೆ ಉತ್ತವರೂ ನೇಯ್ದವರೂ ಬೆಲೆ ತೆತ್ತರು. ಹೈದರನನ್ನು ಹೊಗಳುವವರೂ ತೆಗಳುವವರೂ ಈ ಭಾಗವನ್ನು ತಮಗೆ ಬೇಕಾದಂತೆ ಓದುತ್ತಾರೆ. ಎರಡನ್ನೂ ಒಟ್ಟಿಗೆ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯದು.

ಇನ್ನು ನಮ್ಮ ಮಕ್ಕಳ ಪ್ರಶ್ನೆಗೆ ಬರೋಣ. ಓದು ಬಾರದ್ದರಿಂದಲೇ ಹೈದರನ ಜ್ಞಾಪಕ ಬೆಳೆಯಿತು, ಪುಸ್ತಕ ಹಿಡಿದರೆ ನೆನಪು ಕುಗ್ಗುತ್ತದೆ ಎಂದು ಕೆಲವರು ಹೇಳಬಹುದು. ಅದು ಸರಿಯಲ್ಲ. ಪೋರ್ಚುಗಲ್ ದೇಶದಲ್ಲಿ ಅಕ್ಷರ ಕಲಿಯದವರನ್ನು ಪರೀಕ್ಷಿಸಿದಾಗ, ಅರ್ಥವಿಲ್ಲದ ಹೊಸ ಪದವನ್ನು ಕೇಳಿ ಹಾಗೆಯೇ ನುಡಿಯುವುದು ಅವರಿಗೆ ಓದಿದವರಿಗಿಂತ ಕಷ್ಟವಾಯಿತು. ಅಕ್ಷರವು ಸ್ಮರಣೆಗೆ ಊರುಗೋಲೇ ಹೊರತು ಶತ್ರುವಲ್ಲ. ಹೈದರನಿಗೆ ನೆರವಾದದ್ದು ಆತನ ದಿನಚರಿ. ದಿನವೂ ಹರಿಕಾರರು ತಂದ ಸುದ್ದಿಯನ್ನು ಕೇಳುವನು, ಹಿಂದಿನದರೊಡನೆ ಹೋಲಿಸುವನು, ಬಾಯಿಂದ ಅಪ್ಪಣೆ ಕೊಡುವನು, ಮತ್ತೆ ಓದಿಸಿ ತಾಳೆ ನೋಡುವನು. ಕಾಗದವನ್ನು ನೋಡಿ ನೆನಪು ಮಾಡಿಕೊಳ್ಳುವ ಅನುಕೂಲ ಆತನಿಗಿರಲಿಲ್ಲ. ಪ್ರತಿಯೊಂದನ್ನೂ ಒಳಗಿನಿಂದಲೇ ಎಳೆದು ತರಬೇಕಾಗಿತ್ತು.

ಹೀಗೆ ಎಳೆದು ತರುವುದರಲ್ಲೇ ಗುಟ್ಟಿದೆಯೆಂದು ಈಗ ತಿಳಿದುಬಂದಿದೆ. 2006ರಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಕೊಟ್ಟು, ಕೆಲವರಿಂದ ಅದನ್ನು ಮತ್ತೆ ಮತ್ತೆ ಓದಿಸಿದರು, ಇನ್ನು ಕೆಲವರಿಂದ ಒಮ್ಮೆ ಓದಿದ ಮೇಲೆ ಪುಸ್ತಕ ಮುಚ್ಚಿಸಿ ನೆನಪಿದ್ದುದನ್ನು ಬರೆಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ಬಳಿಕ ಕೇಳಿದಾಗ ಪುಸ್ತಕ ಮುಚ್ಚಿ ನೆನೆದವರು ಬಹಳ ಮುಂದೆ ಹೋಗಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವವನಿಗೆ ಎಲ್ಲ ಬಂದಂತೆಯೇ ಅನ್ನಿಸಲು ಕಾರಣವೂ ಇದೇ. ನಿದ್ದೆಗೆಟ್ಟು ಓದುವುದಂತೂ ಎರಡು ಪಟ್ಟು ನಷ್ಟ, ಏಕೆಂದರೆ ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ಹೆಚ್ಚಾಗಿ ನಿದ್ದೆಯಲ್ಲಿಯೇ. ಜರ್ಮನಿಯ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, 1885ರಲ್ಲಿ ತನ್ನ ಮರೆವಿನ ಲೆಕ್ಕವನ್ನು ಪ್ರಕಟಿಸಿದನು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಜಾರಿತ್ತು, ಆಮೇಲೆ ಉಳಿದದ್ದು ನಿಧಾನವಾಗಿ ಹೋಗುತ್ತಿತ್ತು. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ದಿನಕ್ಕೊಮ್ಮೆಯಂತೆ ಕೆಲವು ದಿನ ಓದುವುದು ಮೇಲೆಂಬುದೂ ಆತನ ಲೆಕ್ಕದಲ್ಲಿ ಕಂಡಿತು. ಜ್ಞಾಪಕಶಕ್ತಿಗೆಂದು ಮಾರಾಟವಾಗುವ ಲೇಹ್ಯಗಳಿಗೆ ಹಣ ಸುರಿಯುವ ಪೋಷಕರು ಇದನ್ನು ಗಮನಿಸಬೇಕಾಗಿ ವಿನಂತಿ. ಮನೆಯಲ್ಲಿ ಓದು ಬಾರದ ತಾಯಿಯೂ ರಾತ್ರಿ ಊಟಕ್ಕೆ ಕುಳಿತಾಗ ಮಗಳನ್ನು ಆ ದಿನದ ಪಾಠವೇನೆಂದು ಕೇಳಬಹುದು, ಪುಸ್ತಕ ಮುಚ್ಚಿಸಿ ಹೇಳಿಸಬಹುದು. ಹೇಳುವಾಗ ತಡವರಿಸಿದ ಕಡೆಯಲ್ಲೇ ತಪ್ಪಿದೆಯೆಂದು ತಿಳಿಯಲು ಅಕ್ಷರ ಬೇಕಾಗಿಲ್ಲ.

1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರನಿಗೆ ಸೋಲಾಯಿತು. ಯುದ್ಧ ಮಾತ್ರ ಮುಗಿಯಲಿಲ್ಲ. ಬೆನ್ನಿನಲ್ಲೆದ್ದ ಹುಣ್ಣು ಉಲ್ಬಣಿಸಿ, 1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಆತನು ತೀರಿಕೊಂಡನು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದನು. ಪೂರ್ಣಯ್ಯ, ಕೃಷ್ಣರಾಯ ಮೊದಲಾದ ಅಧಿಕಾರಿಗಳು ಸಾವಿನ ಸುದ್ದಿಯನ್ನು ಮುಚ್ಚಿಟ್ಟು, ಖಜಾನೆ ಸಾಗಿಸುವಂತೆ ಶವವನ್ನು ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಕಳುಹಿಸಿದರು. ಆಮೇಲೆ ಅದು ಶ್ರೀರಂಗಪಟ್ಟಣದ ಗುಂಬಜನ್ನು ಸೇರಿತು.

ಟಿಪ್ಪು ತಂದೆಯಂತಲ್ಲ. ಆತನಿಗೆ ಓದು ಬರಹದಲ್ಲಿ ಆಸಕ್ತಿಯಿತ್ತು. ಕಂಡ ಕನಸುಗಳನ್ನೂ ಬರೆದಿಟ್ಟನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆತನ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳು ಸಿಕ್ಕಿದವು. ಅದಕ್ಕೂ ಮೊದಲೇ, 1792ರಲ್ಲಿ, ಬಾರಾಮಹಲು ಇಂಗ್ಲಿಷರಿಗೆ ಸೇರಿತ್ತು. ಹೊಸೂರಿನ ಕಡೆ ಮಾತ್ರ 1799ರ ತನಕ ಟಿಪ್ಪುವಿನ ಕೈಯಲ್ಲೇ ಉಳಿಯಿತು. ಹೊಸ ಸೀಮೆಯ ಆಡಳಿತಕ್ಕೆ ಬಂದ ಕ್ಯಾಪ್ಟನ್ ರೀಡ್ ಮತ್ತು ಆತನ ಸಹಾಯಕ ಥಾಮಸ್ ಮನ್ರೋ ಯಾವ ಊರಿನ ಕಂದಾಯ ಎಷ್ಟು, ಯಾರ ಹೊಲ ಎಲ್ಲಿಯವರೆಗೆ ಎಂಬುದನ್ನು ಹಳ್ಳಿ ಹಳ್ಳಿ ಸುತ್ತಿ, ಕೇಳಿ, ಅಳೆದು ಬರೆದುಕೊಳ್ಳಬೇಕಾಯಿತು. ಆ ಕೆಲಸ ಏಳು ವರ್ಷ ಹಿಡಿಯಿತು. ಹಾಗೆ ಬರೆದ ಕಾಗದಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಮದರಾಸು ಸರ್ಕಾರವು ಬಾರಾಮಹಲ್ ರೆಕಾರ್ಡ್ಸ್ ಎಂಬ ಹೆಸರಿನಲ್ಲಿ ಅಚ್ಚು ಹಾಕಿಸಿತು. ಕೃಷ್ಣಗಿರಿ ಕಡೆಯ ಊರುಗಳ ಹೆಸರುಗಳು ಅದರಲ್ಲಿ ಇವೆ.